ಹರಿವಿನ ತಿಕ್ಕಾಟ: ಅಳೆಯುವುದು ಮೊದಲು, ಇಳಿಸುವುದು ಆಮೇಲೆ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮೇಷ್ಟ್ರು ಫೋನ್ ಮಾಡಿ, "ವಿಜ್ಞಾನದ ವಿಷಯ ಏನಾದರೂ ಮಾತಾಡಪ್ಪ, ಮಕ್ಕಳಿಗೆ ಉಪಯೋಗ ಆಗಲಿ" ಎಂದರು. ನಾನು ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಕಂಪ್ಯೂಟರಿನ ಬಗ್ಗೆ ಮಾತಾಡುತ್ತೇನೆ ಎಂದು ಅವರು ಅಂದುಕೊಂಡಿರಬೇಕು. ಆದರೆ ಎರಡು ವರ್ಷದಿಂದ ನನ್ನ ತಲೆಯಲ್ಲಿ ಬೇರೊಂದು ವಿಷಯ ಕೂತಿದೆ. ಅದು ತಿಕ್ಕಾಟ. ಮನೆಮನೆಯಲ್ಲಿ ನಡೆಯುವ ತಿಕ್ಕಾಟ ಅಲ್ಲ, ಹೆದರಬೇಡಿ. ನೀರು, ಗಾಳಿ, ರಕ್ತ ಯಾವುದಾದರೂ ಮೇಲ್ಮೈಯನ್ನು ಸವರಿಕೊಂಡು ಹರಿಯುವಾಗ ಆಗುವ ತಿಕ್ಕಾಟ. ಇಂಗ್ಲಿಷಿನಲ್ಲಿ ಇದನ್ನು ಸ್ಕಿನ್ ಫ್ರಿಕ್ಷನ್ ಅನ್ನುತ್ತಾರೆ. ನಾವು ಮೇಲ್ಮೈ ತಿಕ್ಕಾಟ ಎನ್ನೋಣ.

ಈ ವಿಷಯ ನನ್ನ ತಲೆಗೆ ಬಂದದ್ದು ಪುಸ್ತಕದಿಂದ ಅಲ್ಲ. ನಮ್ಮಪ್ಪನಿಂದ. ಅಪ್ಪ ಇಲ್ಲೇ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಬನ್ನೇರುಘಟ್ಟ ರಸ್ತೆಯ ಎರಡೂ ಪಕ್ಕದ ಲೇಔಟುಗಳಲ್ಲಿ ಮೂವತ್ತು ವರ್ಷ ಪ್ಲಂಬರ್ ಕೆಲಸ ಮಾಡಿದವರು. ರಜಾದಿನಗಳಲ್ಲಿ ಅವರ ಚೀಲ ಹೊತ್ತುಕೊಂಡು ನಾನೂ ಹೋಗುತ್ತಿದ್ದೆ. ಹಳೇ ಮನೆಗಳಲ್ಲಿ ಜಿಐ ಪೈಪು ಬಿಚ್ಚಿ ಒಳಗೆ ನೋಡಿದರೆ, ಅರ್ಧ ಇಂಚಿನ ತೂತು ತುಕ್ಕು ಹಿಡಿದು ಬೆಂಕಿಕಡ್ಡಿ ಹೋಗುವಷ್ಟು ಉಳಿದಿರುತ್ತಿತ್ತು. ಹೊಸ ಮನೆ ಕಟ್ಟುವವರಿಗೆ ಅಪ್ಪ ಒಂದೇ ಮಾತು ಹೇಳುತ್ತಿದ್ದರು: "ಅರ್ಧ ಇಂಚು ಬೇಡಿ ಸಾರ್, ಮುಕ್ಕಾಲು ಹಾಕ್ಸಿ. ಎಲ್ಬೋ ಕಮ್ಮಿ ಮಾಡಿ."

ಇಂಜಿನಿಯರಿಂಗ್ ಓದುವಾಗ ಆ ಮಾತಿನ ಲೆಕ್ಕ ನನಗೆ ಸಿಕ್ಕಿತು. ಅಷ್ಟೇ ನೀರು ಹರಿಯಬೇಕಾದರೆ, ಪೈಪಿನ ಅಗಲ ಒಂದೂವರೆ ಪಟ್ಟಾದಾಗ ತಿಕ್ಕಾಟದಲ್ಲಿ ಕಳೆದುಹೋಗುವ ಒತ್ತಡ ಸುಮಾರು ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಅಪ್ಪನಿಗೆ ಈ ಸೂತ್ರ ಗೊತ್ತಿರಲಿಲ್ಲ. ಮೇಲಿನ ಮಹಡಿಯ ನಲ್ಲಿಯಲ್ಲಿ ನೀರು ಹೇಗೆ ಬರುತ್ತದೆ ಎಂದು ನೂರಾರು ಮನೆಗಳಲ್ಲಿ ನೋಡಿದ್ದರು, ಅಷ್ಟೇ.

ಎರಡು ವರ್ಷದ ಹಿಂದೆ ಅಪ್ಪನಿಗೆ ಎದೆನೋವು ಬಂತು. ಆಂಜಿಯೋಗ್ರಾಂ ಮಾಡಿದರು. ಪರದೆಯ ಮೇಲೆ ರಕ್ತನಾಳದ ಚಿತ್ರ ತೋರಿಸಿ ವೈದ್ಯರು, "ನೋಡಿ, ಇಲ್ಲಿ, ನಾಳ ಕವಲೊಡೆಯುವ ಜಾಗದಲ್ಲಿ ಬ್ಲಾಕ್ ಇದೆ" ಎಂದರು. ಅಪ್ಪ ಆ ನೋವಿನಲ್ಲೂ, "ಹಳೇ ಜಿಐ ಪೈಪ್ ಇದ್ದಂಗೇ ಐತಲ್ಲ ಡಾಕ್ಟ್ರೇ, ಟೀ ಹತ್ರಾನೇ ಕಟ್ಕೊಂಡೈತೆ" ಎಂದರು. ಸ್ಟೆಂಟ್ ಹಾಕಿದರು, ಗುಣವಾದರು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಳೆದ ಆ ರಾತ್ರಿ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಕವಲಿನಲ್ಲೇ ಯಾಕೆ? ನೇರವಾದ ಕಡೆ ಯಾಕಿಲ್ಲ? ಅದಕ್ಕೆ ಉತ್ತರ ಹುಡುಕುತ್ತಾ ಓದಿದ್ದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಉತ್ತರ ಕೊನೆಗೆ ಹೇಳುತ್ತೇನೆ. ಯಾಕೆಂದರೆ ಅದು ನಾನು ಅಂದುಕೊಂಡದ್ದಕ್ಕೆ ಪೂರ್ತಿ ಉಲ್ಟಾ ಇತ್ತು.

ಮಕ್ಕಳೇ, ಮೊದಲು ಒಂದು ಪ್ರಶ್ನೆ. ನಿಮ್ಮ ಮನೆಯ ಫ್ಯಾನ್ ಇಡೀ ಬೇಸಿಗೆ ಗಿರಗಿರ ತಿರುಗುತ್ತದೆ. ಆದರೂ ಅದರ ರೆಕ್ಕೆಯ ಮೇಲೆ ಧೂಳು ಕೂತಿರುತ್ತದೆ. ಅಷ್ಟು ಗಾಳಿ ಬೀಸಿದರೂ ಆ ಧೂಳು ಯಾಕೆ ಹಾರಿಹೋಗುವುದಿಲ್ಲ?

ಕಾರಣ ಇದು. ರೆಕ್ಕೆಗೆ ತಗುಲಿರುವ ಗಾಳಿ ರೆಕ್ಕೆಗೇ ಅಂಟಿಕೊಂಡಿರುತ್ತದೆ. ರೆಕ್ಕೆಯ ಮೇಲೆ ಅದು ಜಾರುವುದಿಲ್ಲ. ಅದರ ಮೇಲಿನ ಪದರ ಸ್ವಲ್ಪ ಜಾರುತ್ತದೆ, ಅದರ ಮೇಲಿನದು ಇನ್ನೂ ಸ್ವಲ್ಪ. ಹೀಗೆ ಸ್ವಲ್ಪ ದೂರದಲ್ಲಿ ಪೂರ್ತಿ ವೇಗ ಬರುತ್ತದೆ. ಧೂಳಿನ ಕಣ ಎಷ್ಟು ಚಿಕ್ಕದೆಂದರೆ ಅದು ಈ ನಿಧಾನದ ಪದರದ ತಳದಲ್ಲೇ ಅಡಗಿ ಕೂತುಬಿಡುತ್ತದೆ. ಇದಕ್ಕೆ ಗಡಿ ಪದರ ಎಂದು ಹೆಸರು. 1904ರಲ್ಲಿ ಜರ್ಮನಿಯ ಲುಡ್‌ವಿಗ್ ಪ್ರಾಂಟ್ಲ್ ಎಂಬ ಇಂಜಿನಿಯರ್ ಹೈಡೆಲ್‌ಬರ್ಗಿನಲ್ಲಿ ಓದಿದ ಒಂದು ಚಿಕ್ಕ ಪ್ರಬಂಧದಲ್ಲಿ ಈ ವಿಚಾರ ಮೊದಲು ಸ್ಪಷ್ಟವಾಗಿ ಬಂತು. ಒಂದು ಪದರ ಇನ್ನೊಂದನ್ನು ಹಿಡಿದೆಳೆಯುತ್ತದೆ, ಕೊನೆಯ ಪದರ ಗೋಡೆಯನ್ನು ಎಳೆಯುತ್ತದೆ. ಗೋಡೆಯ ಮೇಲೆ ಬೀಳುವ ಆ ಎಳೆತವೇ ಮೇಲ್ಮೈ ತಿಕ್ಕಾಟ.

ಅದು ಎಷ್ಟು ದೊಡ್ಡದು? ನನ್ನ ಕೈಯಲ್ಲಿರುವುದು ಜೆರಾಕ್ಸ್ ಅಂಗಡಿಯ ಒಂದು ಹಾಳೆ. ಪೊಟ್ಟಣದ ಮೇಲೆ 75 ಜಿಎಸ್‌ಎಂ ಎಂದು ಬರೆದಿರುತ್ತದೆ, ಅಂದರೆ ಒಂದು ಚದರ ಮೀಟರಿಗೆ 75 ಗ್ರಾಂ ತೂಕ. ಈ ಹಾಳೆ ಮೇಜಿನ ಮೇಲೆ ಮಲಗಿದಾಗ ಮೇಜನ್ನು ಎಷ್ಟು ಒತ್ತುತ್ತದೋ ಅದನ್ನೇ ನಮ್ಮ ಇಂದಿನ ಅಳತೆಗೋಲು ಮಾಡಿಕೊಳ್ಳೋಣ. ಹಾಳೆ ಕೆಳಕ್ಕೆ ಒತ್ತುತ್ತದೆ, ತಿಕ್ಕಾಟ ಪಕ್ಕಕ್ಕೆ ಎಳೆಯುತ್ತದೆ. ಅಷ್ಟು ವ್ಯತ್ಯಾಸ ನೆನಪಿರಲಿ.

ನೀವು ಕುಡಿಯುವ ಕಾವೇರಿ ನೀರನ್ನೇ ತೆಗೆದುಕೊಳ್ಳಿ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ನೀರನ್ನು ಪಂಪು ಮಾಡಿ ತರುತ್ತಾರೆ. 1974ರಲ್ಲಿ ಮೊದಲ ಹಂತ ಆಯಿತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರಿನದು. ಇಷ್ಟು ನೀರು 3 ಮೀಟರ್ ಅಗಲದ ಒಂದೇ ಪೈಪಿನಲ್ಲಿ 100 ಕಿಲೋಮೀಟರ್ ಬರುತ್ತದೆ ಎಂದು ಇಟ್ಟುಕೊಂಡು ನಾನು ಲೆಕ್ಕ ಹಾಕಿದೆ. ಒಳಮೈ ನಯವಾಗಿದ್ದರೆ ಗೋಡೆಯ ತಿಕ್ಕಾಟ ಎಷ್ಟು ಗೊತ್ತೇ? ಮೂರು ಹಾಳೆ. ಬರೀ ಮೂರು ಹಾಳೆ!

ಇಷ್ಟೇನಾ ಅನ್ನಿಸುತ್ತದೆ. ಆದರೆ ಆ ಮೂರು ಹಾಳೆಯನ್ನು 100 ಕಿಲೋಮೀಟರ್ ಪೈಪಿನ ಒಳಮೈಗೆಲ್ಲ ಹಾಸಿ ನೋಡಿ. ಒಳಮೈ 9 ಲಕ್ಷ ಚದರ ಮೀಟರಿಗೂ ಹೆಚ್ಚು. ಒಟ್ಟು ಎಳೆತ ಸುಮಾರು 212 ಟನ್ ಆಗುತ್ತದೆ. ನೀರನ್ನು ಇನ್ನೂ 30 ಮೀಟರ್, ಅಂದರೆ ಹತ್ತು ಮಹಡಿ, ಹೆಚ್ಚು ಎತ್ತಿದ ಹಾಗೆ. ಅದೇ ಪೈಪಿನ ಒಳಮೈ ಒಂದು ಮಿಲಿಮೀಟರಿನಷ್ಟು ಒರಟಾದರೆ 30 ಇದ್ದದ್ದು 43 ಮೀಟರ್ ಆಗುತ್ತದೆ. ಆ ಹೆಚ್ಚುವರಿ 13 ಮೀಟರಿಗೆ ದಿನವೂ ಸುಮಾರು 34 ಸಾವಿರ ಯೂನಿಟ್ ಕರೆಂಟು ಬೇಕು. ದಿನಕ್ಕೆ 5 ಯೂನಿಟ್ ಬಳಸುವ ಸುಮಾರು 7 ಸಾವಿರ ಮನೆಗಳ ಕರೆಂಟು ಅದು. ಎತ್ತರಕ್ಕೆ ಹತ್ತಿಸುವ 500 ಮೀಟರಿನ ಖರ್ಚನ್ನು ಯಾರೂ ತಪ್ಪಿಸಲಾರರು, ಬೆಟ್ಟ ತಗ್ಗುವುದಿಲ್ಲ. ತಿಕ್ಕಾಟದ ಖರ್ಚು ಅದಕ್ಕಿಂತ ಚಿಕ್ಕದು, ಆದರೆ ಅದು ಮನುಷ್ಯನ ಕೈಯಲ್ಲಿದೆ.

ತಿಕ್ಕಾಟದ ಸ್ವಭಾವವೇ ಇದು. ಒಂದು ಜಾಗದಲ್ಲಿ ನೋಡಿದರೆ ಏನೂ ಇಲ್ಲ, ಒಟ್ಟು ಕೂಡಿದರೆ ದೊಡ್ಡದು. ಇಷ್ಟು ಚಿಕ್ಕದಾಗಿ ಹರಡಿಕೊಂಡಿರುವುದನ್ನು ಅಳೆಯುವುದು ಹೇಗೆ?

ಹಡಗಿನವರು ಮೊದಲು ಶುರು ಮಾಡಿದರು. 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಉದ್ದನೆಯ ನೀರಿನ ತೊಟ್ಟಿ ಕಟ್ಟಿಸಿ, ಅದರಲ್ಲಿ ಹಲಗೆಗಳನ್ನು ಎಳೆದು ನೋಡಿದರು. ಒಂದು ಹಲಗೆಗೆ ವಾರ್ನಿಷ್, ಒಂದಕ್ಕೆ ತವರದ ಹಾಳೆ, ಒಂದಕ್ಕೆ ಬಟ್ಟೆ, ಒಂದಕ್ಕೆ ಮರಳು. ಯಾವುದನ್ನು ಎಳೆಯಲು ಎಷ್ಟು ಬಲ ಬೇಕು ಎಂದು ಬರೆದಿಟ್ಟರು. ಆದರೆ ಇದು ಇಡೀ ಹಲಗೆಯ ಒಟ್ಟು ಲೆಕ್ಕ. ಈ ಜಾಗದಲ್ಲಿ ಎಷ್ಟು, ಆ ಜಾಗದಲ್ಲಿ ಎಷ್ಟು ಎಂದು ಹೇಳುವುದಿಲ್ಲ. ಮುಂದೆ ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಗಳ ಕಾಲ ಬಂದಾಗ ಕಷ್ಟ ಇನ್ನೂ ಹೆಚ್ಚಾಯಿತು. ಅಷ್ಟು ವೇಗದಲ್ಲಿ ತಿಕ್ಕಾಟ ಎಷ್ಟಿರುತ್ತದೆ ಎಂದು ಒಬ್ಬೊಬ್ಬರ ಸಿದ್ಧಾಂತ ಒಂದೊಂದು ಅಂಕಿ ಹೇಳುತ್ತಿತ್ತು. ಯಾರು ಸರಿ? ಅಳೆದೇ ನೋಡಬೇಕಿತ್ತು.

ಅದನ್ನು ಅಳೆದವರ ಹೆಸರು ನಿಮಗೆಲ್ಲ ಗೊತ್ತು, ಆದರೆ ಬೇರೆ ಕಾರಣಕ್ಕೆ. ಅವರು ಸತೀಶ್ ಧವನ್. ಇಸ್ರೋ ಅಧ್ಯಕ್ಷರಾಗಿದ್ದವರು. ಶ್ರೀಹರಿಕೋಟಾದ ಕೇಂದ್ರಕ್ಕೆ 2002ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನದಂದೇ, ಅವರ ಹೆಸರಿಟ್ಟರು. ರಾಕೆಟ್ಟಿನ ಕೆಲಸಕ್ಕೆ ಬರುವುದಕ್ಕೆ ಬಹಳ ಮೊದಲು, ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಕೈಕೆಳಗೆ 1951ರಲ್ಲಿ ಅವರು ಪಿಎಚ್‌ಡಿ ಮುಗಿಸಿದರು. ಅದರ ವಿಷಯವೇ ಮೇಲ್ಮೈ ತಿಕ್ಕಾಟವನ್ನು ನೇರವಾಗಿ ಅಳೆಯುವುದು.

ಅವರ ಉಪಾಯ ಕೇಳಲು ಸರಳ, ಮಾಡಲು ಕಷ್ಟ. ಗಾಳಿ ಹರಿಯುವ ಚಪ್ಪಟೆ ತಟ್ಟೆಯಲ್ಲಿ ಒಂದು ಚಿಕ್ಕ ಕಿಂಡಿ ಕೊರೆಯುವುದು. ಆ ಕಿಂಡಿಯಲ್ಲಿ ಅದಕ್ಕೆ ಸರಿಯಾದ ಒಂದು ಚಿಕ್ಕ ತುಂಡನ್ನು, ಸುತ್ತಲೂ ಬಹಳ ಸಣ್ಣ ಸಂದು ಬಿಟ್ಟು, ಬಾಗುವ ತೆಳು ಪಟ್ಟಿಗಳ ಆಧಾರದ ಮೇಲೆ ನಿಲ್ಲಿಸುವುದು. ಗಾಳಿ ಹರಿದಾಗ ಆ ತುಂಡು ಮಾತ್ರ ಕಣ್ಣಿಗೆ ಕಾಣದಷ್ಟು ಜರುಗುತ್ತದೆ. ಎಷ್ಟು ಜರುಗಿತು ಎಂಬುದನ್ನು ವಿದ್ಯುತ್ ಉಪಕರಣದಿಂದ ಓದಿಕೊಂಡರೆ, ಆ ಒಂದು ಜಾಗದ ತಿಕ್ಕಾಟ ಸಿಗುತ್ತದೆ. ಸಂದು ದೊಡ್ಡದಾದರೆ ಗಾಳಿ ಒಳಗೆ ನುಗ್ಗಿ ಲೆಕ್ಕ ಕೆಡುತ್ತದೆ. ಕಿರಿದಾದರೆ ತುಂಡು ಸಿಕ್ಕಿಕೊಳ್ಳುತ್ತದೆ. ತುಂಡು ಸುತ್ತಲಿನ ಮೈಗಿಂತ ಸ್ವಲ್ಪ ಎದ್ದು ನಿಂತರೂ ತಿಕ್ಕಾಟದ ಬದಲು ಗಾಳಿಯ ಗುದ್ದನ್ನೇ ಅಳೆದಂತಾಗುತ್ತದೆ. ಇಷ್ಟನ್ನೂ ಸಂಭಾಳಿಸಿ ಅವರು ಶಬ್ದಕ್ಕಿಂತ ಕಡಿಮೆ ವೇಗದಲ್ಲೂ ಹೆಚ್ಚು ವೇಗದಲ್ಲೂ ಅಳೆದರು. ಆ ಕೆಲಸ 1953ರಲ್ಲಿ ಅಮೆರಿಕ ಸರ್ಕಾರದ ವಿಮಾನವಿಜ್ಞಾನ ಮಂಡಳಿಯ 1121ನೇ ವರದಿಯಾಗಿ ಅಚ್ಚಾಯಿತು. ಮುಂದೆ ಈ ಬಗೆಯ ಅಳತೆ ಮಾಡಿದವರು ಅದನ್ನು ನೆನೆಯದೆ ಮುಂದೆ ಹೋಗುವುದಿಲ್ಲ.

ಮಕ್ಕಳೇ, ಇನ್ನೊಂದು ಮಾತು. ಧವನ್ ಅವರು ಗಣಿತ, ಭೌತಶಾಸ್ತ್ರದಲ್ಲಿ ಬಿಎ, ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎ, ಆಮೇಲೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವರು. ಸೈನ್ಸಾ ಆರ್ಟ್ಸಾ ಎಂದು ನಿಮ್ಮನ್ನು ಯಾರಾದರೂ ಹೆದರಿಸಿದರೆ ಇದನ್ನು ಹೇಳಿ.

ಪಿಎಚ್‌ಡಿ ಮುಗಿಸಿದ ವರ್ಷವೇ ಅವರು ನಮ್ಮ ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. 1962ರಿಂದ ಅದರ ನಿರ್ದೇಶಕರಾದರು. ಅವರ ಮೊದಲ ಶಿಷ್ಯರಲ್ಲಿ ರೊದ್ದಂ ನರಸಿಂಹ ಒಬ್ಬರು. ಕೆ.ಆರ್. ವೃತ್ತದ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಅವರ ತಂದೆ ಆರ್.ಎಲ್. ನರಸಿಂಹಯ್ಯನವರು ಭೌತಶಾಸ್ತ್ರದ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು.

ನಲ್ಲಿಯನ್ನು ಸ್ವಲ್ಪ ತಿರುಗಿಸಿದರೆ ನೀರು ಗಾಜಿನ ಕಡ್ಡಿಯಂತೆ ಇಳಿಯುತ್ತದೆ, ಜಾಸ್ತಿ ತಿರುಗಿಸಿದರೆ ಕಲಕಿಕೊಂಡು ಬೀಳುತ್ತದೆ. ನಯ ಹರಿವಿಗಿಂತ ಕಲಕು ಹರಿವಿನಲ್ಲಿ ಗೋಡೆಯ ತಿಕ್ಕಾಟ ಹಲವು ಪಟ್ಟು ಹೆಚ್ಚು. ವಿಮಾನದ ರೆಕ್ಕೆಯ ಮೇಲೆ ಒಂದು ಇನ್ನೊಂದಾಗುವುದು ಹೇಗೆ? ಎಲ್ಲ ಕಡೆ ಒಟ್ಟಿಗೆ ಕಲಕುವುದಿಲ್ಲ. ಅಂಗಳದ ಒಣ ಮಣ್ಣಿನ ಮೇಲೆ ಮಳೆಯ ಮೊದಲ ಹನಿ ಬಿದ್ದಂತೆ ಅಲ್ಲೊಂದು ಇಲ್ಲೊಂದು ಕಲಕಿನ ಚುಕ್ಕೆ ಹುಟ್ಟುತ್ತದೆ, ಹರಿಯುತ್ತಾ ಹಿಗ್ಗುತ್ತದೆ, ಕೊನೆಗೆ ಎಲ್ಲ ಸೇರಿ ಇಡೀ ಅಂಗಳ ತೋಯ್ದಂತೆ ಆಗುತ್ತದೆ. ಆ ಚುಕ್ಕೆಗಳ ಲೆಕ್ಕ ಹಾಕುವ ಬಗೆಯನ್ನು ಧವನ್ ಮತ್ತು ನರಸಿಂಹ ಬೆಂಗಳೂರಿನಿಂದಲೇ 1958ರಲ್ಲಿ ಜಗತ್ತಿಗೆ ಹೇಳಿದರು.

ಇಲ್ಲಿ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಪ್ರೋಗ್ರಾಂ ನಿಧಾನವಾಗಿದೆ ಎಂದು ನನಗೆ ಕೊಟ್ಟರು. ಇದೇ ಭಾಗ ನಿಧಾನ ಮಾಡುತ್ತಿರಬೇಕು ಎಂದು ಊಹಿಸಿ, ಮೂರು ವಾರ ಕೂತು ಅದನ್ನು ತಿದ್ದಿ ತೀಡಿದೆ. ಪ್ರೋಗ್ರಾಂ ಒಂದು ಕ್ಷಣವೂ ಬೇಗ ಆಗಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಬಂದು, ಯಾವ ಭಾಗ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಅರ್ಧ ಗಂಟೆಯಲ್ಲಿ ಅಳೆದರು. ನಿಧಾನ ಬೇರೆಲ್ಲೋ ಇತ್ತು. "ಮೊದಲು ಅಳೆಯೋದಲ್ವೇನ್ರೀ?" ಎಂದಷ್ಟೇ ಕೇಳಿದರು. ಅವತ್ತು ಆದ ನಾಚಿಕೆ ಇಂದಿಗೂ ನೆನಪಿದೆ. ಮೇಲ್ಮೈ ತಿಕ್ಕಾಟದಲ್ಲೂ ಊಹೆ ಹೀಗೆಯೇ ಮೋಸ ಮಾಡುತ್ತದೆ. ಮೂರು ಉದಾಹರಣೆ ಕೊಡುತ್ತೇನೆ.

ಮೊದಲನೆಯದು: ನುಣುಪಾದಷ್ಟೂ ತಿಕ್ಕಾಟ ಕಡಿಮೆ ಎಂದು ನಾವೆಲ್ಲ ನಂಬುತ್ತೇವೆ. ಶಾರ್ಕ್ ಮೀನಿನ ಚರ್ಮ ಮುಟ್ಟಿದರೆ ಮರಳು ಕಾಗದದಂತೆ ಒರಟು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಸಣ್ಣ ಹುರುಪೆಗಳ ಮೇಲೆ ಹರಿವಿನ ದಿಕ್ಕಿಗೆ ಉಳುಮೆಯ ಸಾಲಿನಂಥ ಗೀರುಗಳಿವೆ. ಅಂಥ ಸಾಲುಗಳನ್ನು ಚಪ್ಪಟೆ ತಟ್ಟೆಯ ಮೇಲೆ ಮಾಡಿ ಅಳೆದಾಗ, ನುಣುಪು ತಟ್ಟೆಗಿಂತ ತಿಕ್ಕಾಟ ಶೇಕಡ 8ರವರೆಗೆ ಕಡಿಮೆ ಬಂತು. ಕಲಕು ಹರಿವಿನಲ್ಲಿ ಗೋಡೆಯ ಹತ್ತಿರ ಉರುಳುವ ಸಣ್ಣ ಸುಳಿಗಳಿರುತ್ತವೆ. ಸಾಲುಗಳು ಅವಕ್ಕಿಂತ ಕಿರಿದಾಗಿದ್ದರೆ ಸುಳಿಗಳು ಒಳಗೆ ಇಳಿಯಲಾರವು, ದಿಣ್ಣೆಗಳ ತುದಿಯನ್ನಷ್ಟೇ ಸವರುತ್ತವೆ. ಸಾಲುಗಳು ಸ್ವಲ್ಪ ಅಗಲವಾದರೆ ಸುಳಿಗಳು ಒಳಗೇ ಇಳಿದು ತಿಕ್ಕಾಟ ಮೊದಲಿಗಿಂತ ಹೆಚ್ಚಾಗುತ್ತದೆ. ಶಾರ್ಕ್ ಈ ಸಾಲುಗಳಿಂದ ನಿಜಕ್ಕೂ ಎಷ್ಟು ಲಾಭ ಪಡೆಯುತ್ತದೆ ಎಂಬ ಬಗ್ಗೆ ಜೀವಶಾಸ್ತ್ರಜ್ಞರಲ್ಲಿ ಇನ್ನೂ ಚರ್ಚೆ ಇದೆ. ತಟ್ಟೆಯ ಮೇಲಿನ ಅಳತೆಯ ಬಗ್ಗೆ ಚರ್ಚೆ ಇಲ್ಲ.

ಈ ಅಳತೆಯಲ್ಲಿ ನಮ್ಮ ಊರಿನ ಎನ್‌ಎಎಲ್ ಬಹಳ ಕೆಲಸ ಮಾಡಿದೆ. 1959ರಲ್ಲಿ ಹುಟ್ಟಿದ ಆ ಪ್ರಯೋಗಾಲಯ, ಬೆಂಗಳೂರಿಗೆ ಬಂದಾಗ ಮೊದಲು ನಡೆದದ್ದು ಜಯಮಹಲ್ ರಸ್ತೆಯ ಅರಮನೆಯ ಕುದುರೆ ಲಾಯದಲ್ಲಿ. ಕಟ್ಟಡ ಇಲ್ಲ, ಲ್ಯಾಬ್ ಇಲ್ಲ ಎಂದು ಕೊರಗುವ ನಮ್ಮಂಥ ಸರ್ಕಾರಿ ಶಾಲೆಯವರು ಇದನ್ನು ನೆನಪಿಡಬೇಕು. ಅಲ್ಲಿನ ವಿಜ್ಞಾನಿಗಳು ರೆಕ್ಕೆಯ ಆಕಾರಗಳ ಮೇಲೆ ಸಾಲುಗಳಿರುವ ತೆಳು ಹಾಳೆ ಅಂಟಿಸಿ ಗಾಳಿಸುರಂಗದಲ್ಲಿ ಅಳೆದರು. ರೆಕ್ಕೆ ಸ್ವಲ್ಪ ಓರೆಯಾಗಿ ಗಾಳಿಗೆ ಎದುರಾದಾಗ, ಚಪ್ಪಟೆ ತಟ್ಟೆಯಲ್ಲಿ ಸಿಗುವುದಕ್ಕಿಂತ ಹೆಚ್ಚು ಲಾಭ ಸಿಗಬಹುದು ಎಂದು ಕಂಡರು. ಎನ್‌ಎಎಲ್‌ನ ಪಿ.ಆರ್. ವಿಶ್ವನಾಥ್ 2002ರಲ್ಲಿ ಈ ವಿಷಯದ ಬಗ್ಗೆ ಬರೆದ ಸಮೀಕ್ಷೆಯನ್ನು ಜಗತ್ತಿನ ವಿಮಾನ ತಜ್ಞರು ಓದುತ್ತಾರೆ. ದೊಡ್ಡ ಪ್ರಯಾಣಿಕ ವಿಮಾನ ಎತ್ತರದಲ್ಲಿ ಹಾರುವಾಗ ಅದನ್ನು ಹಿಂದಕ್ಕೆಳೆಯುವ ಬಲದಲ್ಲಿ ಸುಮಾರು ಅರ್ಧ ಮೇಲ್ಮೈ ತಿಕ್ಕಾಟವೇ. ನನ್ನ ಲೆಕ್ಕದಲ್ಲಿ ಅದರ ಮೈಮೇಲೆ ಸುಮಾರು ಮೂವತ್ತು ಹಾಳೆಯಷ್ಟು. 2022ರಿಂದ ಸ್ವಿಸ್ ಕಂಪನಿಯ ಬೋಯಿಂಗ್ 777 ವಿಮಾನಗಳು ಏರೋಶಾರ್ಕ್ ಎಂಬ ಇಂಥ ಹಾಳೆ ಅಂಟಿಸಿಕೊಂಡು ಹಾರುತ್ತಿವೆ. ಅದರ ಸಾಲುಗಳು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಪಾಲಿನಷ್ಟು, ಕೂದಲಿಗಿಂತ ತೆಳು. ಉಳಿತಾಯ ಸುಮಾರು ಶೇಕಡ 1 ಇಂಧನ ಎಂದು ಕಂಪನಿ ಹೇಳುತ್ತದೆ. ಒಂದು ಅನ್ನುವುದು ಕಡಿಮೆ ಅನ್ನಿಸಿದರೆ, ಮೂರು ಹಾಳೆಯ ಲೆಕ್ಕ ಮತ್ತೆ ನೆನಪಿಸಿಕೊಳ್ಳಿ.

ಎರಡನೆಯದು: ನೀರಿಗೆ ಲೋಳೆ ಬೆರೆಸಿದರೆ ಪೈಪಿನಲ್ಲಿ ನಿಧಾನವಾಗಿ ಹರಿಯಬೇಕಲ್ಲವೇ? 1948ರಲ್ಲಿ ಟಾಮ್ಸ್ ಎಂಬ ವಿಜ್ಞಾನಿ ಉಲ್ಟಾ ಕಂಡರು. ಕಲಕಿ ಹರಿಯುವ ದ್ರವದಲ್ಲಿ ಉದ್ದನೆಯ ಸರಪಳಿಯಂಥ ಅಣುಗಳನ್ನು ಸ್ವಲ್ಪವೇ ಸ್ವಲ್ಪ ಬೆರೆಸಿದರೆ ತಿಕ್ಕಾಟ ಅರ್ಧಕ್ಕಿಂತಲೂ ಕೆಳಗೆ ಇಳಿಯಬಹುದು. ಲಕ್ಷ ಭಾಗದಲ್ಲಿ ಕೆಲವೇ ಭಾಗ ಸಾಕು. ಆ ಸರಪಳಿಗಳು ಎಳೆದಂತೆ ಉದ್ದವಾಗಿ ಸುಳಿಗಳ ಸೊಕ್ಕು ಅಡಗಿಸುತ್ತವೆ. 1979ರಿಂದ ಅಲಾಸ್ಕದ ಕಚ್ಚಾ ತೈಲದ ದೊಡ್ಡ ಪೈಪಿನಲ್ಲಿ ಇದನ್ನು ಬಳಸಿದ್ದಾರೆ. ಕೆಲವು ಮೀನುಗಳ ಮೈಯ ಲೋಳೆಗೂ ಈ ಗುಣ ಇದೆ ಎಂದು ಅಳೆದು ನೋಡಿದ್ದಾರೆ. ತಾಯಂದಿರೇ, ನಿಮ್ಮ ಅಡುಗೆಮನೆಯಲ್ಲೂ ಇದೆ. ಪಲ್ಯ ಮಾಡುವ ಗೋರಿಕಾಯಿಯ ಬೀಜದಿಂದ ಬರುವ ಗೋರಿನ ಅಂಟು ಮತ್ತು ಬೆಂಡೆಕಾಯಿಯ ಲೋಳೆ, ಎರಡರ ಮೇಲೂ ಇಂಥ ಪ್ರಯೋಗಗಳಾಗಿವೆ.

ಮೂರನೆಯದು ನಮ್ಮಪ್ಪನ ಕವಲು. ನಾನು ಊಹಿಸಿದ್ದು ಹೀಗೆ: ಕವಲಿನಲ್ಲಿ ರಕ್ತ ಜೋರಾಗಿ ಉಜ್ಜುತ್ತದೆ, ಉಜ್ಜಿ ಉಜ್ಜಿ ನಾಳದ ಒಳಮೈ ಗಾಯವಾಗುತ್ತದೆ, ಅಲ್ಲಿ ಕೊಬ್ಬು ಕಟ್ಟುತ್ತದೆ. 1960ರ ದಶಕದಲ್ಲಿ ದೊಡ್ಡ ವಿಜ್ಞಾನಿಗಳೂ ಹೀಗೆ ಯೋಚಿಸಿದ್ದರು. ಆದರೆ 1969ರಲ್ಲಿ ಲಂಡನ್ನಿನ ಕ್ಯಾರೊ ಮತ್ತು ಜೊತೆಗಾರರು, ಕೊಬ್ಬು ಕಟ್ಟಿದ ಜಾಗಗಳನ್ನೂ ಹರಿವಿನ ರೀತಿಯನ್ನೂ ಹೋಲಿಸಿ, ತಿಕ್ಕಾಟ ಕಡಿಮೆ ಇರುವ ಕಡೆಯೇ ಕೊಬ್ಬು ಕಟ್ಟುತ್ತದೆ ಎಂದರು. ಆಮೇಲಿನ ಹಲವು ಅಳತೆಗಳು ಇದೇ ದಿಕ್ಕಿಗೆ ಬೆರಳು ತೋರಿಸಿವೆ. ಕವಲಿನಲ್ಲಿ ರಕ್ತದ ಜೋರು ಧಾರೆ ನಡುವಿನ ಅಂಚಿಗೆ ಹೊಡೆದು ಸೀಳುತ್ತದೆ. ಹೊರಗೋಡೆಯ ಪಕ್ಕದಲ್ಲಿ ಹರಿವು ಮಂಕಾಗುತ್ತದೆ, ಹಿಂದೆ ಮುಂದೆ ತೂಗಾಡುತ್ತದೆ. ರೋಗ ಬೆಳೆಯುವುದು ಆ ಮಂಕು ಜಾಗದಲ್ಲಿ.

ನಮ್ಮ ಹಾಳೆಯ ಲೆಕ್ಕದಲ್ಲಿ ಹೇಳುವುದಾದರೆ, ಆರೋಗ್ಯವಾದ ಅಪಧಮನಿಯ ಗೋಡೆಯ ಮೇಲೆ ಸಾಮಾನ್ಯವಾಗಿ ಎರಡು ಹಾಳೆಯಷ್ಟು ಅಥವಾ ಇನ್ನೂ ಹೆಚ್ಚು ತಿಕ್ಕಾಟ ಇರುತ್ತದೆ. ಅರ್ಧ ಹಾಳೆಗೆ ಇಳಿದ ಕಡೆ ಅಪಾಯ. ಯಾಕೆ? ಜಿಐ ಪೈಪಿಗೆ ಜೀವ ಇಲ್ಲ, ರಕ್ತನಾಳಕ್ಕೆ ಇದೆ. ನಾಳದ ಒಳಮೈಗೆ ಹಾಸಿದ ಒಂದು ಪದರ ಜೀವಕೋಶಗಳು ಈ ತಿಕ್ಕಾಟವನ್ನು ಗ್ರಹಿಸುತ್ತವೆ. ಸರಿಯಾದಷ್ಟು ತಿಕ್ಕಾಟ ಸಿಕ್ಕರೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ, ಅದು ನಾಳವನ್ನು ಸಡಿಲಿಸಿ ಕಾಪಾಡುತ್ತದೆ. ದೇಹದಲ್ಲಿ ಆ ಅನಿಲದ ಕೆಲಸವನ್ನು ಕಂಡುಹಿಡಿದವರಿಗೆ 1998ರಲ್ಲಿ ನೊಬೆಲ್ ಬಂತು. ತಿಕ್ಕಾಟ ಸಿಗದ ಕೋಶಗಳು ಸೊರಗುತ್ತವೆ, ಕೊಬ್ಬನ್ನೂ ಉರಿಯೂತವನ್ನೂ ಒಳಗೆ ಬಿಟ್ಟುಕೊಳ್ಳುತ್ತವೆ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ, ಕೊಬ್ಬು ಇವೆಲ್ಲ ಇಡೀ ದೇಹಕ್ಕೆ ಕೆಟ್ಟದ್ದು. ಆದರೆ ಅವುಗಳ ಪೆಟ್ಟು ಮೊದಲು ಬೀಳುವ ಜಾಗವನ್ನು ಹರಿವು ತೋರಿಸುತ್ತದೆ.

ಅಪ್ಪನಿಗೆ ಇದನ್ನು ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಪೈಪಿಗೆ ತಿಕ್ಕಾಟ ಇಲ್ದಿದ್ರೆ ಒಳ್ಳೇದು, ಮನುಷ್ಯಂಗೆ ಇದ್ರೆ ಒಳ್ಳೇದು ಅನ್ನು" ಎಂದರು. ಇಷ್ಟು ಓದಿದ ನನಗೆ ಇಷ್ಟು ಚಿಕ್ಕದಾಗಿ ಹೇಳಲು ಬಂದಿರಲಿಲ್ಲ. ವೈದ್ಯರು ನಡೆಯಿರಿ ಎಂದು ಹೇಳಿದ್ದರ ಹಿಂದೆ ಇದೂ ಒಂದು ಕಾರಣ. ನಡೆದಾಗ ರಕ್ತದ ಹರಿವು ಹೆಚ್ಚುತ್ತದೆ, ಗೋಡೆಯ ಮೇಲಿನ ಹಾಳೆಗಳು ಹೆಚ್ಚುತ್ತವೆ, ಕೋಶಗಳು ಎಚ್ಚರಗೊಳ್ಳುತ್ತವೆ. ಅಪ್ಪ ಈಗ ದಿನವೂ ಬೆಳಿಗ್ಗೆ ನಡೆಯುತ್ತಾರೆ. ಊರಿನ ಹಿರಿಯರೇ, ನಮ್ಮ ರಸ್ತೆಯ ತುದಿಯಲ್ಲೇ ಜಯದೇವ ಸಂಸ್ಥೆ ಇದೆ ಎಂದು ನಾವು ಧೈರ್ಯವಾಗಿರುತ್ತೇವೆ. ಅಲ್ಲಿಗೆ ಹೋಗುವ ಕಾಲ ಬರುವ ಮೊದಲೇ ಬಿಪಿ, ಸಕ್ಕರೆ ಅಳೆಸಿಕೊಳ್ಳಿ, ನಡೆಯಿರಿ. ನಮ್ಮಪ್ಪ ಎದೆನೋವು ಬರುವವರೆಗೆ ಒಂದು ಸಲವೂ ಅಳೆಸಿರಲಿಲ್ಲ. ಮಗನಾದ ನಾನೂ ಕೇಳಿರಲಿಲ್ಲ. ಕಂಪ್ಯೂಟರಿನಲ್ಲಿ ಕಲಿತ ಪಾಠವನ್ನು ಮನೆಯಲ್ಲಿ ಮರೆತಿದ್ದೆ.

ಒರಟು ಕೆಟ್ಟದ್ದು, ಲೋಳೆ ನಿಧಾನ, ತಿಕ್ಕಾಟ ಹಾನಿ ಎಂಬ ಮೂರು ಊಹೆಗಳೂ ಅಳೆದಾಗ ತಲೆಕೆಳಗಾದವು. ಆದ್ದರಿಂದ ಇಳಿಸುವ ಆತುರಕ್ಕೆ ಮೊದಲು ಅಳೆಯಬೇಕು. ಅಳೆದ ಮೇಲೆ, ಇಳಿಸಬೇಕೋ ಉಳಿಸಬೇಕೋ ಎಂಬುದೂ ಗೊತ್ತಾಗುತ್ತದೆ.

ಮಕ್ಕಳಿಗೆ ಒಂದು ಕೆಲಸ ಕೊಟ್ಟು ಮುಗಿಸುತ್ತೇನೆ. ನಾನು ಮತ್ತು ನನ್ನ ಬ್ಯಾಚಿನ ಗೆಳೆಯರು ಸೇರಿ ಶಾಲೆಯ ಪ್ರಯೋಗಾಲಯಕ್ಕೆ ಕೆಲವು ವಸ್ತು ತಂದಿದ್ದೇವೆ: ಕೆಳಗೆ ನಲ್ಲಿ ಇರುವ ಎರಡು ಡ್ರಮ್ಮು, ಅರ್ಧ ಇಂಚು ಮತ್ತು ಮುಕ್ಕಾಲು ಇಂಚಿನ ಪೈಪುಗಳು, ಅಳತೆಯ ಬಕೆಟ್ಟು, ನಾಲ್ಕು ಸ್ಟಾಪ್‌ವಾಚು, ಒಂದು ದಪ್ಪ ನೋಟ್‌ಬುಕ್ಕು. ಪೈಪು ಜೋಡಿಸಿಕೊಡುವ ಕೆಲಸ ಅಪ್ಪ ವಹಿಸಿಕೊಂಡಿದ್ದಾರೆ. ಡ್ರಮ್ಮನ್ನು ಮೊದಲ ಮಹಡಿಯಲ್ಲಿಟ್ಟು, ಮೊದಲು 5 ಮೀಟರ್ ಪೈಪಿನಲ್ಲಿ, ಆಮೇಲೆ 10 ಮೀಟರ್ ಪೈಪಿನಲ್ಲಿ ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ಬರೆಯಿರಿ. ಪ್ರತಿ ಸಲವೂ ಡ್ರಮ್ಮಿನಲ್ಲಿ ನೀರಿನ ಮಟ್ಟ ಒಂದೇ ಇರಲಿ. ಒಂದೊಂದನ್ನೂ ಐದು ಸಲ ಮಾಡಿ. ಆಮೇಲೆ ಅರ್ಧ ಇಂಚಿನ ಬದಲು ಮುಕ್ಕಾಲು. ಕೊನೆಗೆ ಬೆಂಡೆಕಾಯಿ ನೆನೆಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಸ್ವಲ್ಪ ಬೆರೆಸಿ ನೋಡಿ. ಹೆಚ್ಚು ಬೆರೆಸಿದರೆ ನೀರು ಮಂದವಾಗಿ ನಿಧಾನವಾಗಬಹುದು, ಕಡಿಮೆ ಬೆರೆಸಿದರೆ ಏನೂ ಆಗದಿರಬಹುದು. ಎಷ್ಟು ಬೆರೆಸಿದಿರಿ ಎಂಬುದನ್ನೂ ಬರೆಯಿರಿ. ಉತ್ತರ ಏನು ಬರುತ್ತದೆ ಎಂದು ನಾನು ಹೇಳುವುದಿಲ್ಲ. ಬಂದ ಅಂಕಿಯನ್ನೇ ಬರೆಯಿರಿ, ಪುಸ್ತಕಕ್ಕೆ ಹೊಂದಲಿಲ್ಲ ಎಂದು ತಿದ್ದಬೇಡಿ. ಪ್ರತಿ ವರ್ಷ ಒಂಬತ್ತನೇ ತರಗತಿಯವರು ಅದೇ ನೋಟ್‌ಬುಕ್ಕಿನಲ್ಲಿ ಮುಂದುವರಿಸಲಿ. ಹಿಂದಿನವರ ಅಂಕಿಗೂ ನಿಮ್ಮದಕ್ಕೂ ವ್ಯತ್ಯಾಸ ಬಂದರೆ, ಯಾಕೆ ಎಂದು ಹುಡುಕಲು ಶುರು ಮಾಡಿದ ದಿನ ನೀವು ವಿಜ್ಞಾನಕ್ಕೆ ಕಾಲಿಟ್ಟಿರಿ ಎಂದು ತಿಳಿಯಿರಿ.

ಈ ಶಾಲೆಯ ಬೆಂಚಿನ ಮೇಲೆ ಕೂತು ಕಲಿತ ನನ್ನನ್ನು ಇದೇ ಶಾಲೆಯ ವೇದಿಕೆಗೆ ಕರೆದು ಮಾತಾಡಿಸಿದ್ದೀರಿ. ಪಾಠ ಹೇಳಿದ ಎಲ್ಲ ಗುರುಗಳಿಗೂ, ಐವತ್ತು ವರ್ಷ ಈ ಶಾಲೆಯನ್ನು ನಡೆಸಿಕೊಂಡು ಬಂದ ಊರಿನವರಿಗೂ ನನ್ನ ನಮಸ್ಕಾರ. ಅಪ್ಪ, ಸೋಮವಾರ ಬೆಳಿಗ್ಗೆ ನಿಮ್ಮ ಚೀಲ ತನ್ನಿ, ಮಕ್ಕಳು ಕಾಯುತ್ತಿರುತ್ತಾರೆ.